ಗರಗಸಕ್ಕೆ ಒಡೆದ ಕುಂಬಳಕಾಯಿ

ಬಾಂಗ್ಲಾ ಯುದ್ಧದಲ್ಲಿ ನರಸಿಂಹರಾಜಪುರದ ಪಾತ್ರವೇನು ಎಂದು ಇತಿಹಾಸಕಾರರು ಯಾರೂ ಈವರೆಗೆ ನನ್ನನ್ನು ಕೇಳಿಲ್ಲ. ಕೇಳದೆಯೂ ಹೇಳುವ ವಯಸ್ಸು ನನಗೆ ಬಂದಿದೆ. ನಮ್ಮೂರು ಆ ಯುದ್ಧಕ್ಕೆ ಪೆಟ್ಟಿಗೆಗಳನ್ನು ಕೊಟ್ಟಿತು. ಮದ್ದುಗುಂಡು ತುಂಬುವ ಮರದ ಪೆಟ್ಟಿಗೆ; ಎರಡು ಬದಿಗೆ ಹಗ್ಗದ ಹಿಡಿಕೆ, ಮುಚ್ಚಳಕ್ಕೆ ತಗಡಿನ ಪಟ್ಟಿ. ಅದರ ಜೊತೆಗೆ ಒಂದು ಕಿರುಬೆರಳನ್ನೂ ಒಂದು ಬಲಗೈಯನ್ನೂ ಕೊಟ್ಟಿತು. ಕಿರುಬೆರಳಿಗೆ ಪರಿಹಾರ ಸಿಕ್ಕಿತು. ಕೈಗೆ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎನ್ನುವುದನ್ನು ಬರೆಯಲು ಕೂತಿದ್ದೇನೆ.

ನಾನಾಗ ಪೇಟೆಯ ಹೊರಗಿದ್ದ ಒಂದು ಸಾಮಿಲ್ಲಿನಲ್ಲಿ ರೈಟರ್. ಹುಟ್ಟಿದ ಊರು ಮೆಣಸೆ. ಮನೆಯಲ್ಲಿ ಅಣ್ಣಂದಿರು ಜಾಸ್ತಿ, ಗದ್ದೆ ಕಮ್ಮಿ. ಯಾರಾದರೊಬ್ಬರು ಹೊರಗೆ ಹೋಗಿ ಉಣ್ಣಬೇಕು ಎಂದು ತೀರ್ಮಾನವಾದಾಗ ಎಲ್ಲರೂ ಒಂದೇ ದನಿಯಲ್ಲಿ ನನ್ನನ್ನು ಆರಿಸಿದರು. ಅಷ್ಟು ಒಗ್ಗಟ್ಟಿನ ಚುನಾವಣೆಯನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಮಿಲ್ಲಿಗೆ ಬಂದ ದಿಮ್ಮಿ, ಹೊರಗೆ ಹೋದ ಹಲಗೆ, ಆಳುಗಳ ಹಾಜರಿ, ಇವಿಷ್ಟನ್ನು ಬರೆದಿಡುವುದು ನನ್ನ ಕೆಲಸ.

ಮಿಲ್ಲಿನ ಸಾಹುಕಾರರು ಜಿಪುಣತನವನ್ನು ಒಂದು ಅನುಷ್ಠಾನದಂತೆ ಪಾಲಿಸಿಕೊಂಡು ಬಂದವರು. ಹಳೆಯ ಪೆಟ್ಟಿಗೆಯ ಮೊಳೆಗಳನ್ನು ಕೀಳಿಸಿ, ಬಡಿಸಿ ನೆಟ್ಟಗೆ ಮಾಡಿಸಿ, ಹೊಸ ಪೆಟ್ಟಿಗೆಗೆ ಹೊಡೆಸುತ್ತಿದ್ದರು. ನೆಂಟರು ಬಂದರೆ ಗೇಟಿನ ಹೊರಗೆ ಹೋಗಿ ಅಲ್ಲಿಯೇ ನಿಂತು ಪ್ರೀತಿಯಿಂದ ಮಾತಾಡಿಸಿ ಕಳಿಸುತ್ತಿದ್ದರು. ಒಳಗೆ ಬಂದರೆ ಕಾಫಿ ಕೊಡಬೇಕಾಗುತ್ತದೆ. ಗರಗಸದಿಂದ ಉದುರಿದ ಮರದ ಹುಡಿಯನ್ನು ಸಹ ಲೆಕ್ಕವಿಲ್ಲದೆ ಯಾರೂ ಒಯ್ಯುವಂತಿರಲಿಲ್ಲ.

ಇಂಥವರಿಗೆ ಎಪ್ಪತ್ತೊಂದರ ಮಳೆಗಾಲದಲ್ಲಿ ಮಿಲಿಟರಿ ಪೆಟ್ಟಿಗೆಗಳ ಗುತ್ತಿಗೆ ಸಿಕ್ಕಿತು. ಗುತ್ತಿಗೆಯ ಕರಾರು ಸರಳವಾಗಿತ್ತು. ಪೆಟ್ಟಿಗೆ ಮಾಡಲು ಏನೇನು ಖರ್ಚಾಗುತ್ತದೋ ಅದನ್ನೆಲ್ಲ ಸರ್ಕಾರ ಕೊಡುತ್ತದೆ. ಆ ಖರ್ಚಿನ ಮೇಲೆ ನೂರಕ್ಕೆ ಹತ್ತು ಲಾಭವೆಂದು ಸೇರಿಸಿ ಕೊಡುತ್ತದೆ. ಇದನ್ನು ಬರೆದ ಅಧಿಕಾರಿ ಸಜ್ಜನರೇ ಇರಬೇಕು. ಯುದ್ಧ ಬರುವ ಹೊತ್ತು, ಮರದ ದರ ದಿನಕ್ಕೊಂದು, ಪಾಪ ಗುತ್ತಿಗೆದಾರ ನಷ್ಟವಾಯಿತೆಂದು ನಡುವೆ ಓಡಿಹೋಗಬಾರದು ಎಂದು ಯೋಚಿಸಿದ್ದಾರೆ. ಸಾಹುಕಾರರು ಕೈಕಾಲು ತೊಳೆದು ಬಂದು, ಕನ್ನಡಕ ಹಾಕಿಕೊಂಡು, ನನ್ನಿಂದ ಆ ಮಾತನ್ನು ಮತ್ತೆ ಮತ್ತೆ ಓದಿಸಿ ಅರ್ಥ ಕೇಳಿದರು. ಸಂಜೆಯ ಹೊತ್ತಿಗೆ ಅದರ ಒಳಗಿನ ತತ್ವ ಅವರಿಗೆ ಹೊಳೆಯಿತು. ಖರ್ಚು ಕಮ್ಮಿ ಮಾಡಿದವನಿಗೆ ಲಾಭ ಕಮ್ಮಿ.

ಮರುದಿನದಿಂದ ಅವರು ಬೇರೆಯೇ ಮನುಷ್ಯ. ನಾನು ಕೊಪ್ಪದ ಪೇಟೆಯಲ್ಲಿ ಚೌಕಾಸಿ ಮಾಡಿ ಮೊಳೆ ತಂದೆ. ಭೇಷ್ ಎನ್ನುತ್ತಾರೆಂದು ಎದುರಿಗೆ ನಿಂತೆ.

"ಇದೆಂತ ಮಾಡಿದ್ರಿ ಮಾರಾಯ್ರೆ?" ಎಂದರು, ನೊಂದ ದನಿಯಲ್ಲಿ. "ಅಗ್ಗದ್ದು ಯಾಕೆ ತಂದ್ರಿ? ನಂಗೆ ನಷ್ಟ ಮಾಡ್ಲಿಕ್ಕೆ ಅಂತಲೇ ನಿಮ್ಮನ್ನ ಇಟ್ಕೊಂಡಿದ್ದಾ ನಾನು?"

"ಮೊಳೆ ಚೆನ್ನಾಗೇ ಇದೆ, ಸಾವ್ಕಾರ್ರೆ."

"ಚೆನ್ನಾಗಿದ್ದು ಎಂತ ಪ್ರಯೋಜನ? ವಾಪಸ್ ಕೊಟ್ಟು ತುಟ್ಟೀದು ತನ್ನಿ. ಹೋಗಿ ಬರೋ ಬಸ್ಸಿನ ಚಾರ್ಜೂ ಹಾಕಿ."

ಶೆಟ್ಟಿಕೊಪ್ಪದಲ್ಲಿ ಕಡಿದ ಕಾಡುಮಾವಿನ ದಿಮ್ಮಿಗಳು ಸೀದಾ ನಮ್ಮಲ್ಲಿಗೆ ಬರುವುದು ಬಿಟ್ಟು, ಲಾರಿಯಲ್ಲಿ ಕೊಪ್ಪದ ತನಕ ಹೋಗಿ, ಪೇಟೆ ನೋಡಿಕೊಂಡು ವಾಪಸ್ಸು ಬರತೊಡಗಿದವು. ನೆಂಟರು ಗೇಟಿನ ಒಳಗೆ ಬಂದು ಕಾಫಿ ಕುಡಿದರು. ಅವರನ್ನು ಮರದ ವ್ಯಾಪಾರಿಗಳು ಎಂದು ಬರೆದುಕೊಳ್ಳಲು ನನಗೆ ಅಪ್ಪಣೆಯಾಯಿತು. ದೇವರು ಸಾಹುಕಾರರಿಗೆ ಕೊನೆಗೂ ಒಳ್ಳೆಯ ಬುದ್ಧಿ ಕೊಟ್ಟ ಎಂದು ಊರಿನವರು ಅಂದರು. ದೇವರನ್ನು ಇದರಲ್ಲಿ ಎಳೆಯುವ ಅಗತ್ಯವಿರಲಿಲ್ಲ.

ಆದರೆ ಕರಾರಿನಲ್ಲಿ ಎರಡು ಮಾತುಗಳು ಅಕ್ಕಪಕ್ಕ ಇದ್ದವು. ಮಿಲ್ಲಿನ ಸ್ವಂತ ಯಂತ್ರಗಳ ರಿಪೇರಿ ಗುತ್ತಿಗೆದಾರನ ತಲೆಗೆ. ಅದು ಖರ್ಚಿಗೆ ಸೇರುವುದಿಲ್ಲ. ಆಳುಗಳ ಕ್ಷೇಮಕ್ಕೆ ಮಾಡಿದ್ದು, ಅವರಿಗೆ ಪೆಟ್ಟಾದರೆ ಔಷಧಿ ಮತ್ತು ಪರಿಹಾರಕ್ಕೆ ಕೊಟ್ಟದ್ದು ಖರ್ಚಿಗೆ ಸೇರುತ್ತದೆ. ಬಡ ಕೂಲಿಯವರ ಮೇಲಿನ ಕರುಣೆಯಿಂದಲೇ ಹೀಗೆ ಬರೆದದ್ದು. ಕರುಣೆ ಇಷ್ಟು ಕೆಲಸ ಮಾಡಬಲ್ಲದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಮ್ಮ ದುಂಡು ಗರಗಸಕ್ಕೆ ಹಿಂದೆ ಒಂದು ತಗಡಿನ ಗಾರ್ಡ್ ಇತ್ತು. ಹಲ್ಲುಗಳ ಮೇಲೆ ಬಾಗಿ ನಿಂತು ಕೈಯನ್ನು ದೂರ ಇಡುವಂಥದು. ಅದು ಯಾವಾಗಲೋ ಕಳಚಿಬಿದ್ದು, ಸಾಹುಕಾರರ ಮನೆಯ ಬಚ್ಚಲೊಲೆಯ ಬಾಯಿಗೆ ಅಡ್ಡ ಇಡುವ ತಗಡಾಗಿ ಸೇವೆ ಸಲ್ಲಿಸುತ್ತಿತ್ತು. ಅದನ್ನು ಮತ್ತೆ ಕೂರಿಸಬೇಕೆಂದರೆ ಬೇರಿಂಗು ಬದಲಿಸಬೇಕು, ಶಿವಮೊಗ್ಗದಿಂದ ಮೆಕ್ಯಾನಿಕ್ ಬರಬೇಕು, ಅಲ್ಲಿಯವರೆಗೆ ಮಿಷನ್ ನಿಲ್ಲಿಸಬೇಕು. ಎಲ್ಲವೂ ಸಾಹುಕಾರರ ಸ್ವಂತ ದುಡ್ಡು.

ಗರಗಸಕ್ಕೆ ದಿಮ್ಮಿ ನೂಕುತ್ತಿದ್ದವರು ಪೇಟೆಯ ಮಸೀದಿ ಬೀದಿಯ ಒಬ್ಬ ಸಾಬರು. ಮಿಲ್ಲು ಶುರುವಾದಾಗಿನಿಂದ ಅಲ್ಲಿಯೇ ಇದ್ದವರು. ನಾವೆಲ್ಲ ಮೇಸ್ತ್ರಿ ಎನ್ನುತ್ತಿದ್ದೆವು. ಅವರ ಮನೆಯ ಹೆಂಚಿನ ಮೇಲೆ ಪ್ರತಿ ವರ್ಷ ಬೂದುಗುಂಬಳದ ಬಳ್ಳಿ ಹಬ್ಬುತ್ತಿತ್ತು. ಆಯುಧಪೂಜೆಯ ದಿನ ಭಟ್ಟರು ಬಂದು ಮಂತ್ರ ಹೇಳಿ ಗರಗಸಕ್ಕೆ ಅರಿಶಿನ ಕುಂಕುಮ ಹಚ್ಚಿದ ಮೇಲೆ, ಕುಂಕುಮ ತುಂಬಿದ ಕುಂಬಳಕಾಯಿಯನ್ನು ಮಿಷನ್ನಿನ ಬುಡಕ್ಕೆ ಒಡೆಯುವ ಹಕ್ಕು ಮೇಸ್ತ್ರಿಯದು. ಮಿಷನ್ ಯಾರ ಕೈ ನೋಡಿ ಸುಮ್ಮನಿರಬೇಕೋ ಅವರೇ ಒಡೆಯಬೇಕು ಎಂದು ಮಿಲ್ಲಿನಲ್ಲಿ ಹಿಂದಿನಿಂದ ನಡೆದುಬಂದಿತ್ತು. ಯಾರಿಗೂ ಅದರಲ್ಲಿ ಏನೂ ವಿಶೇಷ ಕಾಣುತ್ತಿರಲಿಲ್ಲ. ಕಾಯಿ ಅವರ ಮನೆಯದೇ. ಸಾಹುಕಾರರು ಅದಕ್ಕೆ ಕಾಸು ಕೊಟ್ಟದ್ದಿಲ್ಲ.

ಆ ವರ್ಷ ಆಯುಧಪೂಜೆಗೆ ಮುಂಚೆ ಮೇಸ್ತ್ರಿ ಆಫೀಸಿನ ಬಾಗಿಲಲ್ಲಿ ಬಂದು ನಿಂತರು.

"ಸಾವ್ಕಾರ್ರೆ, ಬೇರಿಂಗ್ ಕುಣೀತಾ ಇದೆ. ಗಾರ್ಡ್ ಒಂದು ಹಾಕ್ಸಿ. ಕೆಲಸ ಜಾಸ್ತಿ ಆಗಿದೆ, ಕೈ ಎಲ್ಲಿ ಇಡ್ತೀವಿ ಅಂತ ಗೊತ್ತಾಗಲ್ಲ."

"ಇಷ್ಟು ವರ್ಷ ಎಲ್ಲಿ ಇಡ್ತಿದ್ರಿ ಸಾಬ್ರೆ?"

"ಇಷ್ಟು ವರ್ಷ ಇಷ್ಟು ಓಡಿಸ್ತಿರ್ಲಿಲ್ಲ."

ಸಾಹುಕಾರರು ಕಣ್ಣು ಮುಚ್ಚಿ ಯೋಚಿಸಿದರು. "ಹಂಗಾದ್ರೆ ಈ ಸಲ ಕಾಯಿ ದೊಡ್ಡದೇ ಒಡೆಸುವ," ಎಂದರು. "ಶಿವಮೊಗ್ಗದಿಂದ ತರಿಸ್ತೀನಿ. ರೈಟ್ರೆ, ಆಳುಗಳ ಕ್ಷೇಮ ಅಂತ ಬರ್ಕೊಳ್ಳಿ."

ಹೀಗೆ ಗಾರ್ಡಿನ ಬದಲು ಕುಂಬಳಕಾಯಿ ಬಂತು. ಬಾಡಿಗೆ ಕಾರಿನಲ್ಲಿ ಬಂತು. ನಾನು ಕಂಡ ಕುಂಬಳಕಾಯಿಗಳಲ್ಲಿ ಕಾರಿನಲ್ಲಿ ಕೂತು ಬಂದದ್ದು ಅದೊಂದೇ. ಮೇಸ್ತ್ರಿ ಅದನ್ನು ಎತ್ತಿ ಒಡೆದರು. ಭಟ್ಟರಿಗೆ ಮಾಮೂಲಿಗಿಂತ ದೊಡ್ಡ ದಕ್ಷಿಣೆ ಸಿಕ್ಕಿತು. ಅವರು ಅಂದಿನಿಂದ ದೇಶದ ರಕ್ಷಣೆಯ ವಿಚಾರದಲ್ಲಿ ವಿಶೇಷ ಆಸಕ್ತಿ ವಹಿಸಿದರು.

ದೀಪಾವಳಿಯ ಆಸುಪಾಸಿನಲ್ಲಿ ಮೊದಲನೆಯ ಪೆಟ್ಟು ಆಯಿತು. ಗರಗಸದ ಆಚೆ ತುದಿಯಲ್ಲಿ ಹಲಗೆ ಹಿಡಿದೆಳೆಯುತ್ತಿದ್ದ ಶೆಟ್ಟಿಕೊಪ್ಪದ ಒಬ್ಬ ನಡುವಯಸ್ಸಿನ ಆಳಿನ ಎಡಗೈ ಕಿರುಬೆರಳು ಹೋಯಿತು. ಬಾಯಿ ಬಹಳ ದೊಡ್ಡದಿದ್ದ ಮನುಷ್ಯ. ಸಾಹುಕಾರರು ತಾವೇ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಹೋದರು. ಊರಿನ ಡಾಕ್ಟರು ಹೊಲಿಗೆ ಹಾಕುತ್ತೇನೆಂದರೂ ಕೇಳಲಿಲ್ಲ. ಕಿತ್ತಳೆ ಕೊಡಿಸಿದರು, ಹಾರ್ಲಿಕ್ಸ್ ಕೊಡಿಸಿದರು. ಪರಿಹಾರವನ್ನು ಕೈಯಾರೆ ಕೊಟ್ಟರು, ಕಣ್ಣೊರೆಸಿಕೊಂಡರು. ಕಣ್ಣೀರು ನಿಜವಾದದ್ದೇ, ಖರ್ಚಿನ ಮೇಲೆ ನೂರಕ್ಕೆ ಹತ್ತು ಬರುವಾಗ ಮನುಷ್ಯನ ಹೃದಯ ತಾನಾಗಿ ಮೆತ್ತಗಾಗುತ್ತದೆ.

ಬೆರಳಿನ ದುಡ್ಡಲ್ಲಿ ಅವನು ಒಂದು ಎಮ್ಮೆ ಕೊಂಡ. ಅದಕ್ಕೆ ಕಿರುಬೆರಳು ಎಂದೇ ಹೆಸರಾಯಿತು. ಗಾಯ ಮಾಗಿ ಕೆಲಸಕ್ಕೆ ಬಂದ ಮೇಲೆ ಅವನಿಗೆ ಬೇರೆ ಮಾತೇ ಇಲ್ಲ.

"ಹತ್ತು ಬೆರಳಿದ್ದಾಗ ಒಂದು ಲೋಟ ಹಾಲು ಕಂಡೋನಲ್ಲ ಮಾರಾಯ," ಎಂದು ಮಿಲ್ಲಿನ ಎದುರಿನ ಚಾ ಅಂಗಡಿಯಲ್ಲಿ ಕೈ ಎತ್ತಿ ತೋರಿಸುತ್ತಿದ್ದ. "ಈಗ ನೋಡು, ಎರಡು ಹೊತ್ತೂ ಕರಿಯೋದು."

"ಕಿರುಬೆರಳಿಗೆ ಎಮ್ಮೆ ಆದ್ರೆ ಹೆಬ್ಬೆರಳಿಗೆ ಎಂತ ಬರುತ್ತೆ?" ಎಂದು ಒಬ್ಬ.

"ಜೋಡಿ ಎತ್ತು."

"ಇಡೀ ಕೈಗೆ?"

"ಇಡೀ ಕೈಗೆ ಸಾವ್ಕಾರ್ರ ಮಿಲ್ಲೇ ಬರಬೌದು, ಕೇಳಿ ನೋಡು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಂಚಿನ ತುದಿಯಲ್ಲಿ ಕೂತಿದ್ದ ಮೇಸ್ತ್ರಿ ಮಾತ್ರ ಎಮ್ಮೆಯ ವಿಷಯವನ್ನು ಎಮ್ಮೆಯ ವಿಷಯವಾಗಿಯೇ ತೆಗೆದುಕೊಂಡರು.

"ಎಷ್ಟು ಹಾಲು ಕೊಡುತ್ತೆ ಅದು?" ಎಂದು ಕೇಳಿದರು. "ನಮ್ಮ ಮನೇಲೂ ಒಂದು ಬೇಕು ಅಂತ ಹೆಂಡ್ತಿ ಹೇಳ್ತಾ ಇರ್ತಾಳೆ."

ಅಷ್ಟೇ ಅವರು ಆಡಿದ ಮಾತು. ಆಗ ಅದನ್ನು ಯಾರೂ ಗಮನಿಸಲಿಲ್ಲ.

ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಸಾಹುಕಾರರು ಮರುದಿನವೇ ಶೃಂಗೇರಿಗೆ ಹೋಗಿ ಪೂಜೆ ಮಾಡಿಸಿ ಬಂದರು. ಏನೆಂದು ಸಂಕಲ್ಪ ಮಾಡಿಸಿದಿರಿ ಎಂದು ಕೇಳಿದೆ. "ನಮ್ಮ ಸೈನಿಕರು ಗಡಿಬಿಡಿ ಮಾಡದೆ, ನಿಧಾನವಾಗಿ, ಪೂರ್ತಿಯಾಗಿ ಗೆಲ್ಲಲಿ ಅಂತ," ಎಂದರು. ದೇವರು ಸಂಕಲ್ಪದ ಕೊನೆಯ ಭಾಗವನ್ನಷ್ಟೇ ಕೇಳಿಸಿಕೊಂಡ. ಎರಡು ವಾರವೂ ತುಂಬದೆ ನಮ್ಮವರು ಗೆದ್ದುಬಿಟ್ಟರು.

ಆ ಸಂಜೆ ಮಿಲ್ಲಿನ ರೇಡಿಯೋದ ಎದುರು ಎಲ್ಲರೂ ಸೇರಿದ್ದೆವು. ಶತ್ರುಗಳು ಶರಣಾದರು ಎಂದು ಕೇಳಿದ ಕೂಡಲೇ ಪೇಟೆಯಲ್ಲಿ ಪಟಾಕಿ ಹೊಡೆದರು. ಮಿಲ್ಲಿನೊಳಗೆ ಸಾಹುಕಾರರು ಸೂತಕದ ಮನೆಯವರ ಹಾಗೆ ಕೂತಿದ್ದರು.

"ಶರಣಾಗೋದಾದ್ರೆ ಮೊದಲೇ ಆಗ್ಬೇಕಿತ್ತು," ಎಂದರು. "ಹೊರಗೆ ಅಷ್ಟು ದಿಮ್ಮಿ ಬಿದ್ದಿದೆ. ಅದನ್ನೆಲ್ಲ ಯಾರು ತಗೊಳ್ತಾರೆ?"

ಸಂಕಟದಲ್ಲಿಯೂ ಅವರ ಬುದ್ಧಿ ಕೆಲಸ ಮಾಡುತ್ತಿತ್ತು. ಗುತ್ತಿಗೆ ನಿಲ್ಲಿಸಲು ತಂತಿ ಬರಬೇಕು. ಬರುವ ತನಕ ಕೊಯ್ದದ್ದು ಪೆಟ್ಟಿಗೆಯ ಖರ್ಚು. ಕೊಯ್ಯದೆ ಬಿದ್ದಿರುವ ದಿಮ್ಮಿ ಬರೀ ದಿಮ್ಮಿ. ಆದ್ದರಿಂದ ಬೆಳಗಾಗುವುದರೊಳಗೆ ಎಲ್ಲರೂ ಬಂದು ಸಂಜೆಯೊಳಗೆ ಇದ್ದಬದ್ದ ಮರವನ್ನೆಲ್ಲ ಕೊಯ್ದು ಹಾಕಬೇಕೆಂದು ಹೇಳಿ ಕಳಿಸಿದರು. ಯುದ್ಧ ಮುಗಿದದ್ದು ದೇಶಕ್ಕೆ. ನಮಗೆ ಅದರ ಅತಿ ಭೀಕರವಾದ ದಿನ ಆಮೇಲೆ ಬಂತು.

ಬೆಳಿಗ್ಗೆ ಮೇಸ್ತ್ರಿ ಗರಗಸದ ಹತ್ತಿರ ಹೋಗಿ ಅಚ್ಚನ್ನು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಿತು.

"ಇವತ್ತು ಇದ್ರಲ್ಲಿ ಆಗಲ್ಲ ಸಾವ್ಕಾರ್ರೆ. ದಿಮ್ಮಿ ದಪ್ಪ ಇದೆ. ನಿಧಾನಕ್ಕೆ ಆದ್ರೆ ಕೊಯ್ದು ಕೊಡ್ತೀನಿ."

"ನಿಧಾನ ಮಾಡ್ಲಿಕ್ಕೆ ಯುದ್ಧ ಇದ್ಯಾ ಈಗ?" ಎಂದರು ಸಾಹುಕಾರರು. ಆಮೇಲೆ ದನಿ ತಗ್ಗಿಸಿ, "ನೋಡಿ, ನಿಮ್ಮ ಸಮಾಧಾನಕ್ಕೆ ಇನ್ನೊಂದು ಕಾಯಿ ತರಿಸಿದೀನಿ. ಒಡೆದು ಶುರು ಮಾಡಿ. ಎಂತದೂ ಆಗಲ್ಲ."

ಮೇಸ್ತ್ರಿ ಮಿಲ್ಲು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದ ಮನುಷ್ಯ. ಮಿಲ್ಲಿನಲ್ಲಿಯೂ ಗರಗಸ ಬಿಟ್ಟರೆ ಬೇರೆ ಜಾಗ ಇಲ್ಲ. ಕಾಯಿಯನ್ನು ಎತ್ತಿ ಗರಗಸದ ಬುಡಕ್ಕೆ ಒಡೆದರು. ಕುಂಕುಮ ಚೆಲ್ಲಿತು, ತಿರುಳು ನಾಲ್ಕೂ ಕಡೆ ಹಾರಿತು. ಮಾಮೂಲಿಯಾಗಿ ಪೂಜೆಯ ದಿನ ಮಿಷನ್ನಿಗೆ ರಜೆ. ಒಡೆದ ಕಾಯಿ ಅಲ್ಲಿಯೇ ಬಿದ್ದಿದ್ದು ಮರುದಿನ ಗುಡಿಸಿ ತೆಗೆಯುತ್ತಿದ್ದರು. ಕಾಯಿ ಒಡೆದ ಕೂಡಲೇ ಎಂಜಿನ್ ಹಾಕಿದ್ದು ಮಿಲ್ಲಿನ ಚರಿತ್ರೆಯಲ್ಲಿ ಅದೇ ಮೊದಲು. ಗುಡಿಸಿದರೆ ಹೊತ್ತು ಹೋಗುತ್ತದೆ ಎಂದು ಯಾರೂ ಗುಡಿಸಲಿಲ್ಲ. ದೇವರಿಗೆ ಕೊಟ್ಟದ್ದನ್ನು ಕೊಟ್ಟ ಕೂಡಲೇ ಗುಡಿಸುವುದು ಸರಿಯೂ ಅಲ್ಲ ಎಂದು ಭಟ್ಟರು ಹಿಂದೊಮ್ಮೆ ಹೇಳಿದ್ದರು.

ಮೂರನೆಯದೋ ನಾಲ್ಕನೆಯದೋ ದಿಮ್ಮಿಯನ್ನು ನೂಕುವಾಗ ಮೇಸ್ತ್ರಿಯ ಕಾಲು ಕುಂಬಳಕಾಯಿಯ ತಿರುಳಿನ ಮೇಲೆ ಬಿತ್ತು. ಜಾರಿದರು. ಹಿಡಿದುಕೊಳ್ಳಲು ಬಲಗೈ ಮುಂದೆ ಚಾಚಿದರು. ಮುಂದೆ ಇದ್ದದ್ದು ಗರಗಸ.

ಆಚೆ ತುದಿಯ ಶೆಟ್ಟಿಕೊಪ್ಪದವನು ಇನ್ನೂ ಹಲಗೆ ಎಳೆಯುತ್ತಿದ್ದ. ಗರಗಸ ಬೆಳಗಿನಿಂದಲೇ ಕುಂಕುಮಕ್ಕೆ ಕೆಂಪಗಿತ್ತು, ಅವನಿಗೇನು ಗೊತ್ತಾಗಬೇಕು? ಹಲಗೆಯ ಮೇಲೆ ಬೆರಳುಗಳು ಬಂದಾಗ ನೋಡಿದ. ಅವನೇ ಓಡಿ ಎಂಜಿನ್ ನಿಲ್ಲಿಸಿದ.

ಮೇಸ್ತ್ರಿಯ ಬಲಗೈ ಮಣಿಕಟ್ಟಿನ ತನಕ ಹೋಗಿತ್ತು. ಗೋಣಿ ಸುತ್ತಿ ಊರಿನ ಆಸ್ಪತ್ರೆಗೆ ಒಯ್ದೆವು. ಕಾರಿಗೆ ಹೇಳಿ ಕಳಿಸಿ ಶಿವಮೊಗ್ಗಕ್ಕೆ ಹೊರಡುವುದರಲ್ಲಿ ಸಾಹುಕಾರರಿದ್ದರು; ಕಣ್ಣೊರೆಸಲು ಟವೆಲ್ಲನ್ನೂ ಹೆಗಲಿಗೆ ಹಾಕಿಕೊಂಡಿದ್ದರು. ಅಷ್ಟು ಹೊತ್ತಿಗೆ ಪೋಸ್ಟಾಫೀಸಿನಿಂದ ತಂತಿ ಬಂತು. ಗುತ್ತಿಗೆ ನಿಂತಿದೆ, ಹಿಂದಿನ ದಿನದಿಂದಲೇ.

ಸಾಹುಕಾರರು ನನ್ನ ಕೈಯಿಂದ ತಂತಿ ತೆಗೆದುಕೊಂಡರು, ತಿರುಗಿಸಿ ಹಿಂಭಾಗವನ್ನೂ ನೋಡಿದರು. ಟವೆಲ್ಲನ್ನು ಮಡಚಿದರು.

"ಕಾರು ಬೇಡ," ಎಂದರು. "ಇಲ್ಲಿ ಡಾಕ್ಟ್ರು ಒಳ್ಳೆಯವರಿದ್ದಾರೆ."

ನಾನು ಮಿಲಿಟರಿ ಕಛೇರಿಗೆ ಬರೆದೆ. ಕೈ ಹೋದದ್ದು ಬೆಳಿಗ್ಗೆ, ತಂತಿ ಬಂದದ್ದು ಆಮೇಲೆ, ಆದ್ದರಿಂದ ಆ ಹೊತ್ತಿಗೆ ಮೇಸ್ತ್ರಿ ದೇಶದ ಕೆಲಸದಲ್ಲಿಯೇ ಇದ್ದರು ಎಂದು ವಾದಿಸಿದೆ. ಉತ್ತರ ತುಂಬ ಸೌಜನ್ಯದಿಂದ ಬಂತು. ಆದೇಶ ಹೊರಟ ದಿನವೇ ಲೆಕ್ಕ, ತಲುಪಿದ ಹೊತ್ತಲ್ಲ. ಕೈಯ ಬಗ್ಗೆ ವಿಷಾದವಿದೆ. ಹೀಗೆ ಆ ಕೈ ಯುದ್ಧಕ್ಕೂ ಸೇರಲಿಲ್ಲ, ಶಾಂತಿಗೂ ಸೇರಲಿಲ್ಲ.

ಉಳಿದದ್ದು ಸಾಹುಕಾರರ ಸ್ವಂತ ಜೇಬು. ಮೇಸ್ತ್ರಿಯ ಕೈಯ ಕಟ್ಟು ಬಿಚ್ಚಿದ ಮೇಲೆ ಒಂದು ದಿನ ಅವರನ್ನು ಕರೆಸಿ, ಆಳುಗಳನ್ನೆಲ್ಲ ಸುತ್ತ ನಿಲ್ಲಿಸಿ ಪಂಚಾಯ್ತಿ ಮಾಡಿದರು. ಪಂಚರು ಅವರೊಬ್ಬರೇ.

"ಮಿಷನ್ನಿನಲ್ಲಿ ತಪ್ಪಾಗಿದ್ರೆ ನಾನು ಕೊಡ್ತಿದ್ದೆ," ಎಂದರು. "ಆದ್ರೆ ಬೇಕು ಅಂತ ಕೈ ಇಟ್ರೆ ನಾನೆಂತ ಮಾಡ್ಲಿ?"

ಮೇಸ್ತ್ರಿ ಅರ್ಥವಾಗದೆ ನನ್ನ ಮುಖ ನೋಡಿದರು. ಸಾಹುಕಾರರು ಶೆಟ್ಟಿಕೊಪ್ಪದವನ ಕಡೆ ತಿರುಗಿದರು.

"ನೀನು ಹೇಳು. ಚಾ ಅಂಗಡೀಲಿ ಸಾಬ್ರು ನಿನ್ನ ಎಮ್ಮೆ ಎಷ್ಟು ಹಾಲು ಕೊಡುತ್ತೆ ಅಂತ ಕೇಳಿದ್ರೋ ಇಲ್ವೋ?"

ಅವನು ತನ್ನ ಒಂಬತ್ತು ಬೆರಳುಗಳನ್ನು ನೋಡಿಕೊಂಡ. "ಕೇಳಿದ್ರು," ಎಂದ. "ಆದ್ರೆ ಅದು..."

"ತಮಗೂ ಒಂದು ಬೇಕು ಅಂದ್ರೋ ಇಲ್ವೋ?"

"ಅಂದ್ರು."

"ಮುಗೀತು," ಎಂದರು ಸಾಹುಕಾರರು.

"ತಿರುಳಿನ ಮೇಲೆ ಜಾರಿದ್ದನ್ನ ಎಲ್ಲ ನೋಡಿದಾರೆ, ಸಾವ್ಕಾರ್ರೆ," ಎಂದೆ ನಾನು.

"ದೇವರ ಕಾಯಿಯಿಂದ ಕೈ ಹೋಯ್ತು ಅಂತ ಹೇಳ್ತೀರಾ? ನೀವು ಹೇಳೋ ಮಾತಾ ಮಾರಾಯ್ರೆ ಇದು?"

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ತಲೆಯಾಡಿಸಿದರು. ಚಾ ಅಂಗಡಿಯ ತಮಾಷೆಯಲ್ಲಿ ಅವರೂ ಪಾಲುಗಾರರೇ. ಇಡೀ ಕೈಗೆ ಏನು ಬರುತ್ತದೆ ಎಂದು ಕೇಳಿದವನೂ ಅಲ್ಲಿದ್ದ. ಮೇಸ್ತ್ರಿ ಬೆರಳಿನ ಬದಲು ಅಪ್ಪಿತಪ್ಪಿ ಪೂರ್ತಿ ಕೈ ಕೊಟ್ಟರು, ಆಸೆ ಜಾಸ್ತಿಯಾಯಿತು ಎಂದು ಸಂಜೆಯೊಳಗೆ ಪೇಟೆಯಲ್ಲಿ ಮಾತು ಹರಡಿತು. ಜನ ನಂಬಿದರು, ನಂಬುವುದು ಸುಲಭವಿತ್ತು, ಎಮ್ಮೆ ಕಣ್ಣೆದುರಿಗೇ ಇತ್ತಲ್ಲ.

ಅದಕ್ಕೆ ಮೊದಲು, ಪಂಚಾಯ್ತಿ ಮುಗಿಯುವಾಗಲೇ ಮೇಸ್ತ್ರಿ ಎದ್ದು ನಿಂತರು. "ಎಮ್ಮೆ ಬೇಕಿದ್ರೆ ಎಡಗೈ ಕೊಡ್ತಿದ್ದೆ, ಸಾವ್ಕಾರ್ರೆ," ಎಂದಷ್ಟೇ ಹೇಳಿ ಹೊರಟುಹೋದರು.

ಆ ವಾರವೇ ಶಿವಮೊಗ್ಗದಿಂದ ಮೆಕ್ಯಾನಿಕ್ ಬಂದ. ಇನ್ನು ಮೇಲೆ ಯಾರ ಬೆರಳು ಹೋದರೂ ಸಾಹುಕಾರರ ದುಡ್ಡೇ ಹೋಗಬೇಕು. ಅವರು ಒಂದು ದಿನವೂ ತಡಮಾಡಲಿಲ್ಲ. ಹೊಸ ಬೇರಿಂಗು ಹಾಕಿಸಿದರು. ಬಚ್ಚಲೊಲೆಯ ಬಾಯಿಂದ ಗಾರ್ಡ್ ಬಂತು. ಮಸಿ ಹಿಡಿದಿತ್ತು; ಉಜ್ಜಿಸಿ, ಹಸಿರು ಬಣ್ಣ ಬಳಿಸಿ, ತಾವೇ ನಿಂತು ಬೋಲ್ಟು ಬಿಗಿಸಿದರು. ಎಂಥ ಮಾದರಿ ಮಿಲ್ಲು ಎಂದು ನೋಡಿದವರು ಹೇಳಿದರು. ನಮ್ಮ ಪೆಟ್ಟಿಗೆಗಳಲ್ಲಿ ಯುದ್ಧಕ್ಕೆ ಹೋಗದೆ ಉಳಿದದ್ದನ್ನು ಸರ್ಕಾರ ಹರಾಜು ಹಾಕಿದಾಗ ಸಾಹುಕಾರರೇ ಹಿಡಿದರು. ಅವುಗಳ ಮೊಳೆ ಕೀಳಿಸಿ, ಬಡಿಸಿ ನೆಟ್ಟಗೆ ಮಾಡಿಸುವ ಕೆಲಸ ಮತ್ತೆ ಶುರುವಾಯಿತು.

ಮುಂದಿನ ಆಯುಧಪೂಜೆಗೆ ಕುಂಬಳಕಾಯಿ ಬೇಕಾಯಿತು. ಕಾರಿನಲ್ಲಿ ತರಿಸುವ ಕಾಲ ಹೋಗಿತ್ತು. "ಸಾಬ್ರ ಮನೆ ಮೇಲೆ ಬಿಟ್ಟಿರುತ್ತೆ, ತರೋಕೆ ಹೇಳಿ. ಒಡೆಯೋ ಹಕ್ಕೂ ಅವರದ್ದೇ," ಎಂದು ಸಾಹುಕಾರರು ನನ್ನನ್ನು ಕಳಿಸಿದರು. ಮೇಸ್ತ್ರಿ ಬರಲಾರರು ಎಂದುಕೊಂಡು ಹೋದೆ. ಅವರು ಅಂಗಳದಲ್ಲಿ ನಿಂತು ಹೆಂಡತಿಗೆ ಏಣಿ ಹಿಡಿದಿದ್ದರು. ಆಕೆ ಹೆಂಚಿನ ಮೇಲಿಂದ ಕಾಯಿ ಕೊಯ್ಯುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ, "ಬರ್ತೀನಿ ನಡೀರಿ," ಎಂದರು.

ಬಂದರು. ಎಡ ಕಂಕುಳಲ್ಲಿ ಕಾಯಿ ಒತ್ತಿಹಿಡಿದು ಗರಗಸದ ತನಕ ನಡೆದರು. ಭಟ್ಟರು ಮಂತ್ರ ನಿಲ್ಲಿಸಿದರು. ಆಳುಗಳು ದಾರಿ ಬಿಟ್ಟರು. ಮೇಸ್ತ್ರಿ ಕಾಯಿಯನ್ನು ಕೆಳಗಿಟ್ಟು, ಎಡಗೈಯಿಂದ ಗಾರ್ಡನ್ನು ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ.

"ಚೆನ್ನಾಗಿ ಕೂತಿದೆ," ಎಂದರು. "ಎಷ್ಟಾಯ್ತು ಸಾವ್ಕಾರ್ರೆ ಇದಕ್ಕೆ?"

"ಅದಕ್ಕೆ ಎಂತ ಆಗುತ್ತೆ?" ಎಂದರು ಸಾಹುಕಾರರು, ಹೆಮ್ಮೆಯಿಂದಲೇ. "ಮನೇಲಿ ಬಿದ್ದಿತ್ತು. ಬೇರಿಂಗಿಗೂ ಮೆಕ್ಯಾನಿಕ್ಕಿಗೂ ಅಷ್ಟಿಷ್ಟು ಕೊಟ್ಟೆ."

ಮೇಸ್ತ್ರಿ ತಲೆಯಾಡಿಸಿದರು. ಮಂಡಿಯೂರಿ ಕಾಯಿಯನ್ನು ಮತ್ತೆ ಕಂಕುಳಿಗೆ ಏರಿಸಿಕೊಂಡರು. ಎಡಗೈ ಒಂದರಿಂದಲೇ ಏರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ಮುಂದೆ ಬಂದು ಹಿಡಿದುಕೊಡಲಿಲ್ಲ, ಒಡೆಯುತ್ತಾರೆಂದು ಎಲ್ಲರೂ ಕಾಯುತ್ತಿದ್ದರು.

"ಒಡೀರಿ ಸಾಬ್ರೆ, ಹೊತ್ತಾಯ್ತು," ಎಂದರು ಸಾಹುಕಾರರು.

"ಗಾರ್ಡ್ ಇದ್ಯಲ್ಲ, ಇನ್ನು ಕಾಯಿ ಯಾಕೆ?" ಎಂದರು ಮೇಸ್ತ್ರಿ. "ಮನೇಲಿ ಸಾರಿಗೆ ಆಗುತ್ತೆ."

ಕಾಯಿಯೊಂದಿಗೆ ಗೇಟು ದಾಟಿ ಹೋದರು. ಭಟ್ಟರು ಒಂದು ನಿಂಬೆಹಣ್ಣು ಕೊಯ್ದು ಪೂಜೆ ಮುಗಿಸಿದರು.